ವಿಶ್ವ ಇತಿಹಾಸದ ಕ್ವಿಜ್ ಪ್ರಶ್ನೆಗಳನ್ನ ನಾನು ಹೇಗೆ ಬರೀತೀನಿ: ನನ್ನ ಅನುಭವ

ಉತ್ತರ ಬರೀ ಇಸವಿ ಆಗಿರೋ ಪ್ರಶ್ನೇನ ನಾನು ಬರೆಯೋದೇ ಇಲ್ಲ. ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಯಾವಾಗ ಬಿತ್ತು ಅಂತ ಕೇಳಿದ್ರೆ ಓದ್ಕೊಂಡು ಬಂದಿರೋನು 1453 ಅಂತಾನೆ, ಓದದೇ ಇರೋನು ಪಾಸ್ ಅಂತಾನೆ, ಅಲ್ಲಿಗೆ ಮುಗೀತು, ಕೂತು ನೋಡ್ತಿರೋ ಜನಕ್ಕೆ ಏನೂ ಸಿಗಲ್ಲ. ಅದೇ ವಿಷಯಾನ ನಾನು ಕೇಳೋದು ಹೀಗೆ: ವರ್ಷ 1453, ಊರಿನ ಬಂದರಿನ ಬಾಯಿಗೆ ಅಡ್ಡಲಾಗಿ ದಪ್ಪ ಕಬ್ಬಿಣದ ಸರಪಳಿ ಬಿಗಿದಿದಾರೆ, ಹೊರಗೆ 21 ವರ್ಷದ ಸುಲ್ತಾನ ಒಬ್ಬ ಹಡಗುಗಳನ್ನ ಇಟ್ಕೊಂಡು ಕಾಯ್ತಿದಾನೆ, ಸರಪಳಿ ದಾಟೋಕೆ ಆಗ್ಲೇ ಇಲ್ಲ, ಆದ್ರೂ ಏಪ್ರಿಲ್‌ನಲ್ಲಿ ಅವನ ಹಡಗುಗಳು ಬಂದರಿನ ಒಳಗೆ ತೇಲ್ತಾ ಇದ್ವು, ಹೇಗೆ? ಇತಿಹಾಸದ ಪುಸ್ತಕ ಮುಟ್ಟದೇ ಇರೋನೂ ಸ್ವಲ್ಪ ತಲೆ ಕೆರ್ಕೊಂಡು "ನೆಲದ ಮೇಲೆ ಎಳ್ಕೊಂಡು ಬಂದ್ರಾ ಸರ್?" ಅಂತ ಕೇಳ್ತಾನೆ. ಹೌದು, ಎರಡನೇ ಮೆಹ್ಮದ್ ಮಾಡಿದ್ದು ಅದನ್ನೇ, ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಹಡಗುಗಳನ್ನ ಗುಡ್ಡ ಹತ್ತಿಸಿ, ಆ ಕಡೆ ಇಳಿಸಿ, ಗೋಲ್ಡನ್ ಹಾರ್ನ್ ಅನ್ನೋ ಆ ಬಂದರಿಗೆ ಬಿಟ್ಟ.

ನಾನು ಪಾಲಿಸೋದು ಮುಖ್ಯವಾಗಿ ಇದೊಂದೇ ನಿಯಮ. ಉತ್ತರ ನೆನಪಲ್ಲಿ ಇಲ್ದೇ ಇದ್ರೂ ಯೋಚ್ನೆ ಮಾಡ್ಕೊಂಡು ಹೋಗಿ ತಲುಪೋಕೆ ಆಗ್ಬೇಕು, ಕ್ವಿಜ್ ಆಡೋರು ವರ್ಕೌಟ್ ಆಗೋ ಪ್ರಶ್ನೆ ಅಂತಾರಲ್ಲ ಅದು. ಉತ್ತರ ಬಂದ್ಮೇಲೆ ಹೇಳೋಕೆ ಒಂದು ಫಂಡಾ, ಅಂದ್ರೆ ಉತ್ತರದ ಹಿಂದಿನ ಕಥೆ ಇರ್ಬೇಕು, ಅದೂ ಬೇಕೇ ಬೇಕು. ಈ ಕಾನ್‌ಸ್ಟಾಂಟಿನೋಪಲ್ ಪ್ರಶ್ನೆಗೆ ನನ್ನ ಫಂಡಾ ಫಿರಂಗಿ ಮಾಡಿದ ಓರ್ಬಾನ್‌ದು. ಅವನು ಮೊದ್ಲು ಕೆಲ್ಸ ಕೇಳ್ಕೊಂಡು ಹೋಗಿದ್ದು ಒಳಗಿದ್ದ ಬೈಜಾಂಟಿನ್ ಚಕ್ರವರ್ತಿ ಹತ್ರಾನೇ, ಅವನಿಗೆ ಕೊಡೋಕೆ ಚಕ್ರವರ್ತಿ ಹತ್ರ ದುಡ್ಡಿರಲಿಲ್ಲ, ಆಮೇಲೆ ಸುಲ್ತಾನನ ಹತ್ರ ಹೋದ, ಅವನು ಮಾಡಿದ ಫಿರಂಗಿ ಅದೇ ಊರಿನ ಗೋಡೆ ಮೇಲೆ ಗುಂಡು ಹಾರಿಸ್ತು. ಇಷ್ಟು ಕೇಳಿದ್ಮೇಲೆ 1453 ಅನ್ನೋದು ತಾನಾಗೇ ತಲೇಲಿ ಉಳ್ಕೊಳ್ಳುತ್ತೆ, ಯಾರೂ ಬಾಯಿಪಾಠ ಮಾಡ್ಬೇಕಾಗಿಲ್ಲ.

ಇಂಥ ಪ್ರಶ್ನೆ ಎಲ್ಲಿಂದ ಸಿಗುತ್ತೆ ಅಂತ ಕೇಳ್ತಾರೆ. ನನಗೆ ಸಿಗೋದು ನೋಟ್ಸ್ ಬುಕ್ಕಿಂದ, ಮತ್ತೆ ಆ ಬುಕ್ ಇಟ್ಟಿರೋ ರೀತಿಯಿಂದ. ಎಲ್ಲರೂ ದೇಶದ ಪ್ರಕಾರ ನೋಟ್ಸ್ ಮಾಡ್ತಾರೆ: ರೋಮ್ ಒಂದು ಕಡೆ, ಚೀನಾ ಒಂದು ಕಡೆ, ಇಂಗ್ಲೆಂಡಿನ ರಾಜರು ಒಂದು ಕಡೆ. ಪರೀಕ್ಷೆಗೆ ಅದು ಓಕೆ. ಕ್ವಿಜ್‌ಗೆ ನಾನು ವರ್ಷದ ಪ್ರಕಾರ ಇಡ್ತೀನಿ, ಒಂದು ಇಸವಿಗೆ ಒಂದು ಪುಟ, ಯಾವ ದೇಶದ ವಿಷಯ ಸಿಕ್ಕಿದ್ರೂ ಆ ಇಸವಿಯ ಪುಟಕ್ಕೆ ಹೋಗಿ ಬೀಳ್ಬೇಕು. ಸ್ವಲ್ಪ ದಿನ ಆದ್ಮೇಲೆ ಒಂದೇ ಪುಟದಲ್ಲಿ ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಜನ ಅಕ್ಕಪಕ್ಕ ಕೂತಿರ್ತಾರೆ, ಪ್ರಶ್ನೆ ಅಲ್ಲೇ ರೆಡಿಯಾಗಿರುತ್ತೆ.

ಉದಾಹರಣೆಗೆ 1509ರ ಪುಟ. ಕೃಷ್ಣದೇವರಾಯ ವಿಜಯನಗರದ ಸಿಂಹಾಸನ ಏರಿದ್ದು ಆ ವರ್ಷ, ಇಂಗ್ಲೆಂಡಲ್ಲಿ ಎಂಟನೇ ಹೆನ್ರಿ ರಾಜ ಆಗಿದ್ದೂ ಅದೇ ವರ್ಷ, ಇನ್ನೂ 17 ವರ್ಷದ ಹುಡುಗ ಅವನು, ಅದೇ ಹೊತ್ತಿಗೆ ರೋಮ್‌ನಲ್ಲಿ ಮೈಕೆಲ್ಯಾಂಜೆಲೊ ಅಟ್ಟಣಿಗೆ ಹತ್ತಿ ಸಿಸ್ಟೀನ್ ಚಾಪೆಲ್ ಮೇಲ್ಚಾವಣಿಗೆ ಚಿತ್ರ ಬರೀತಿದ್ದ. ಇಂಥ ಪುಟ ಸಿಕ್ಕಾಗ ಕನೆಕ್ಟ್ ರೌಂಡ್, ಅಂದ್ರೆ ಬೇರೆ ಬೇರೆ ವಿಷಯ ಕೊಟ್ಟು ನಂಟು ಕೇಳೋ ಸುತ್ತು, ತಂತಾನೇ ಆಗುತ್ತೆ. 1600 ಸುತ್ತಮುತ್ತ ನೋಡಿದ್ರೆ ಅಕ್ಬರ್ ಮತ್ತು ಮೊದಲನೇ ಎಲಿಜಬೆತ್ ಇಬ್ಬರೂ ಇನ್ನೂ ಅಧಿಕಾರದಲ್ಲಿದಾರೆ, ಜಪಾನ್‌ನಲ್ಲಿ ತೊಕುಗಾವಾ ಇಯೆಯಾಸು ಸೆಕಿಗಹಾರಾ ಯುದ್ಧ ಗೆದ್ದಿದಾನೆ, ಆ ವರ್ಷದ ಕೊನೇ ದಿನ ಲಂಡನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿದೆ. ಹೆಸರುಗಳೆಲ್ಲ ಎಲ್ಲರಿಗೂ ಗೊತ್ತು, ಅವರೆಲ್ಲ ಒಂದೇ ಕಾಲದಲ್ಲಿ ಉಸಿರಾಡ್ತಿದ್ರು ಅನ್ನೋದು ಮಾತ್ರ ಯಾರ ತಲೇಗೂ ಬಂದಿರಲ್ಲ.

ನನಗೆ ತುಂಬಾ ಇಷ್ಟದ ಪುಟ ಅಂದ್ರೆ 1325. ಮೊರಾಕ್ಕೋದ ಟ್ಯಾಂಜಿಯರ್‌ನಿಂದ 21 ವರ್ಷದ ಇಬ್ನ್ ಬತೂತಾ ಹಜ್‌ಗೆ ಅಂತ ಹೊರಟಿದ್ದು ಆ ವರ್ಷ, ಹೊರಟೋನು ಊರಿಗೆ ವಾಪಸ್ ಬಂದಿದ್ದು 1349ರಲ್ಲಿ. ಡೆಲ್ಲಿಯಲ್ಲಿ ಮೊಹಮ್ಮದ್ ಬಿನ್ ತುಘಲಕ್ ಪಟ್ಟಕ್ಕೆ ಬಂದಿದ್ದೂ ಅದೇ 1325, ಮುಂದೆ ಇದೇ ಬತೂತಾನ್ನ ಡೆಲ್ಲಿಯ ಖಾಜಿ ಮಾಡಿದ್ದು ಇದೇ ತುಘಲಕ್. ಹಿಂದಿನ ಪುಟ ತಿರುಗಿಸಿದ್ರೆ 1324, ಮಾರ್ಕೊ ಪೋಲೊ ವೆನಿಸ್‌ನಲ್ಲಿ ಸತ್ತ ವರ್ಷ, ಅಂದ್ರೆ ಒಬ್ಬ ದೊಡ್ಡ ಪ್ರಯಾಣಿಕ ಹೋದ ಮಾರನೇ ವರ್ಷ ಇನ್ನೊಬ್ಬ ಮನೆ ಬಿಟ್ಟಿದಾನೆ. ಅದೇ 1324ರಲ್ಲಿ ಮಾಲಿ ಸಾಮ್ರಾಜ್ಯದ ಮಾನ್ಸಾ ಮೂಸಾ ಮೆಕ್ಕಾಗೆ ಹೋಗ್ತಾ ಕೈರೋದಲ್ಲಿ ಇಳ್ಕೊಂಡಿದ್ದ. ಇದರಿಂದ ಬಂದ ಪ್ರಶ್ನೆ ನೋಡಿ: ಒಬ್ಬ ರಾಜ ಒಂದು ಊರಲ್ಲಿ ಯಾರ ಮೇಲೂ ಯುದ್ಧ ಮಾಡ್ಲಿಲ್ಲ, ಏನನ್ನೂ ಲೂಟಿ ಮಾಡ್ಲಿಲ್ಲ, ಕಂಡಕಂಡೋರಿಗೆ ದಾನ ಮಾಡಿ ಹೋದ ಅಷ್ಟೇ, ಆದ್ರೆ ಅವನು ಹೋದ ಎಷ್ಟೋ ವರ್ಷದ ತನಕ ಆ ಊರಿನ ಮಾರ್ಕೆಟ್ ಸರಿಹೋಗ್ಲಿಲ್ಲ, ಅವನು ದಾನ ಮಾಡಿದ್ದೇನು? ಚಿನ್ನ. ಊರ ತುಂಬಾ ಚಿನ್ನ ಆಗೋಗಿ ಚಿನ್ನದ ಬೆಲೆ ಬಿದ್ದೋಯ್ತು, ಆಮೇಲೆ ಹನ್ನೆರಡು ವರ್ಷ ಆದ್ರೂ ಏರಿರಲಿಲ್ಲ ಅಂತ ಅಲ್ ಉಮರಿ ಅನ್ನೋ ಆ ಕಾಲದ ಅರಬ್ ಲೇಖಕ ಬರೆದಿದಾನೆ. ಈ ಪ್ರಶ್ನೆಗೆ ಇತಿಹಾಸದೋರಿಗಿಂತ ಕಾಮರ್ಸ್ ಓದಿರೋರು ಬೇಗ ಬಜರ್ ಒತ್ತುತ್ತಾರೆ, ಅದು ನನಗೆ ಖುಷಿ.

1799 ಇನ್ನೂ ದಟ್ಟವಾಗಿರೋ ಪುಟ, ಇದೊಂದರಿಂದಲೇ ಇಡೀ ಒಂದು ರೌಂಡ್ ಮಾಡಬಹುದು. ಮೇ 4ಕ್ಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಹೋರಾಡ್ತಾ ಸತ್ತ. ಜುಲೈನಲ್ಲಿ ಈಜಿಪ್ಟ್‌ನ ರೊಸೆಟ್ಟಾದಲ್ಲಿ ಕೋಟೆ ಕೆಲ್ಸ ಮಾಡ್ತಿದ್ದ ಫ್ರೆಂಚ್ ಸೈನಿಕರಿಗೆ ಈಜಿಪ್ಟ್‌ನ ಹಳೇ ಚಿತ್ರಲಿಪಿ ಓದೋಕೆ ದಾರಿ ತೋರಿಸಿದ ಆ ಫೇಮಸ್ ಕಲ್ಲು ಸಿಕ್ತು. ನವೆಂಬರ್ 9ಕ್ಕೆ ಪ್ಯಾರಿಸ್‌ನಲ್ಲಿ ನೆಪೋಲಿಯನ್ ಸರ್ಕಾರ ಉರುಳಿಸಿ ಅಧಿಕಾರ ಹಿಡಿದ. ಡಿಸೆಂಬರ್ 14ಕ್ಕೆ ಜಾರ್ಜ್ ವಾಷಿಂಗ್ಟನ್ ತೀರ್ಕೊಂಡ. ನಾಲ್ಕೂ ಬೇರೆ ಬೇರೆ ಪಾಠದಲ್ಲಿ ಓದಿರ್ತೀವಿ, ಒಂದಕ್ಕೊಂದು ನೆಂಟಸ್ತಿಕೆ ಇದೆ ಅಂತ ಯಾರೂ ಹೇಳಿರಲ್ಲ. ಆದ್ರೆ ಇದೆ, ಸಿಕ್ಕಾಪಟ್ಟೆ ಇದೆ. ನೆಪೋಲಿಯನ್ ಈಜಿಪ್ಟ್‌ನಲ್ಲಿದ್ದಾಗ ಆ ವರ್ಷದ ಶುರುವಲ್ಲಿ ಟಿಪ್ಪುಗೆ ಪತ್ರ ಬರೆದಿದ್ದ, ಅದು ದಾರೀಲೇ ಇಂಗ್ಲಿಷರ ಕೈಗೆ ಸಿಕ್ಕಿ ಟಿಪ್ಪು ಕೈ ಸೇರ್ಲೇ ಇಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಗವರ್ನರ್ ಜನರಲ್‌ನ ತಮ್ಮ ಒಬ್ಬ ಇದ್ದ, ಆರ್ಥರ್ ವೆಲ್ಲೆಸ್ಲಿ ಅಂತ, ನೆಪೋಲಿಯನ್ ಹುಟ್ಟಿದ 1769ರಲ್ಲೇ ಹುಟ್ಟಿದೋನು, ಕೋಟೆ ಬಿದ್ಮೇಲೆ ಊರಿನ ಉಸ್ತುವಾರಿ ಅವನಿಗೇ ಕೊಟ್ರು. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇದೇ ಮನುಷ್ಯ. ಇನ್ನು ವಾಷಿಂಗ್ಟನ್ ಕಡೆಯಿಂದ ಬನ್ನಿ: 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅವನಿಗೆ ಸೋತು ಶರಣಾದ ಇಂಗ್ಲಿಷ್ ಸೈನ್ಯದ ಮುಖ್ಯಸ್ಥ ಕಾರ್ನ್‌ವಾಲಿಸ್, 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆಯಾಗಿ ತಗೊಂಡಿದ್ದೂ ಅದೇ ಕಾರ್ನ್‌ವಾಲಿಸ್, 1802ರಲ್ಲಿ ನೆಪೋಲಿಯನ್‌ನ ಫ್ರಾನ್ಸ್ ಜೊತೆ ಅಮಿಯಾ ಶಾಂತಿ ಒಪ್ಪಂದಕ್ಕೆ ಇಂಗ್ಲೆಂಡ್ ಪರವಾಗಿ ಸಹಿ ಹಾಕಿದ್ದೂ ಅವನೇ. ಮೂರು ಖಂಡ, ಮೂರು ಎದುರಾಳಿ, ಆಸಾಮಿ ಒಬ್ಬನೇ. ಇದನ್ನ ನಾನು ಮೂರು ಕ್ಲೂ ಮಾಡಿ ಒಂದೊಂದಾಗಿ ಬಿಡ್ತೀನಿ, ಮೊದಲನೇ ಕ್ಲೂಗೇ ಹೇಳಿದ್ರೆ ಫುಲ್ ಪಾಯಿಂಟ್ಸ್.

ಅದೇ ಪುಟದ ಇನ್ನೊಂದು ಎಳೆ ರಾಕೆಟ್. ಮೈಸೂರಿನ ಕಬ್ಬಿಣದ ಕೊಳವೆ ರಾಕೆಟ್‌ಗಳನ್ನ ಇಂಗ್ಲಿಷರು ತಗೊಂಡು ಹೋದ್ರು, ವಿಲಿಯಂ ಕಾಂಗ್ರೀವ್ ಅವುಗಳನ್ನ ನೋಡ್ಕೊಂಡು ತನ್ನದೇ ರಾಕೆಟ್ ಮಾಡಿದ, ಅದನ್ನ 1814ರಲ್ಲಿ ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಹಾರಿಸಿದ್ರು, ಅವತ್ತು ರಾತ್ರಿ ದೂರದಿಂದ ನೋಡ್ತಿದ್ದ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯ ಆಮೇಲೆ ಅಮೆರಿಕಾದ ರಾಷ್ಟ್ರಗೀತೆ ಆಯ್ತು, ಅದರಲ್ಲಿ ರಾಕೆಟ್‌ಗಳ ಕೆಂಪು ಬೆಳಕು ಅಂತ ಒಂದು ಸಾಲೇ ಇದೆ. ಈ ಪ್ರಶ್ನೇನ ರಾಷ್ಟ್ರಗೀತೆಯಿಂದ ಶುರು ಮಾಡ್ಬೇಕು, ಟಿಪ್ಪುವಿನಿಂದ ಶುರು ಮಾಡಿದ್ರೆ ಅರ್ಧಕ್ಕೇ ಗೊತ್ತಾಗೋಗುತ್ತೆ, ಮಜಾ ಹೋಯ್ತು. ಸಾಮಾನ್ಯವಾಗಿ ಕೇಳೋರಿಗೆ ಹತ್ತಿರ ಇರೋ ತುದೀನ ಉತ್ತರವಾಗಿ ಇಟ್ಕೊಂಡು ದೂರದ ತುದಿಯಿಂದ ಕೇಳ್ಕೊಂಡು ಬರೋದು ನನ್ನ ಅಭ್ಯಾಸ.

ಸಮುದ್ರಯಾನಿಗಳ ವಿಷಯಕ್ಕೆ ಬಂದ್ರೆ ಮಾಮೂಲಿ ಪ್ರಶ್ನೆಗಳು ಸವೆದು ಹೋಗಿವೆ. ಅಮೆರಿಕಾ ಕಂಡುಹಿಡಿದೋರು ಯಾರು, ಭಾರತಕ್ಕೆ ಜಲಮಾರ್ಗ ಹುಡುಕಿದೋರು ಯಾರು, ಇವನ್ನ ಇನ್ನು ಕೇಳೋದ್ರಲ್ಲಿ ಅರ್ಥ ಇಲ್ಲ. ಕೊಲಂಬಸ್ ಬೇಕೇ ಬೇಕು ಅಂದ್ರೆ ನಾನು ಕೇಳೋದು: ವರ್ಷಗಟ್ಟಲೆ ಸ್ಪೇನ್ ಅರಮನೆ ಬಾಗಿಲು ಕಾದ್ರೂ ಸಿಗದ ದುಡ್ಡು 1492ರಲ್ಲೇ ಯಾಕೆ ಸಿಕ್ತು? ಜನವರಿ 2ಕ್ಕೆ ಗ್ರನಾಡಾ ಬಿತ್ತು, ಎಷ್ಟೋ ವರ್ಷದಿಂದ ನಡೀತಿದ್ದ ಯುದ್ಧ ಮುಗೀತು, ರಾಜ ರಾಣಿಗೆ ಬೇರೆ ಕಡೆ ನೋಡೋಕೆ ಪುರುಸೊತ್ತೂ ಕೈಯಲ್ಲಿ ಸ್ವಲ್ಪ ಕಾಸೂ ಆಯ್ತು, ಏಪ್ರಿಲ್‌ನಲ್ಲಿ ಒಪ್ಪಂದ, ಆಗಸ್ಟ್ 3ಕ್ಕೆ ಹಡಗು ಹೊರಡ್ತು. ಇದೇ ಪುಟದಲ್ಲಿ ಒಂದು ಗೋಳ ಕೂಡ ಇದೆ, ನ್ಯೂರೆಂಬರ್ಗ್‌ನಲ್ಲಿ ಮಾರ್ಟಿನ್ ಬೆಹೈಮ್ 1492ರಲ್ಲಿ ಮಾಡಿಸಿದ್ದು, ಇವತ್ತಿಗೆ ಉಳಿದಿರೋ ಭೂಗೋಳಗಳಲ್ಲೇ ಹಳೇದು. ಅದರ ಫೋಟೋ ತೋರಿಸಿ ಇದರಲ್ಲಿ ಏನಿಲ್ಲ ಹೇಳಿ ಅಂತ ಕೇಳಿದ್ರೆ ಚಿಕ್ಕ ಮಕ್ಕಳೂ ಹುಡುಕ್ತಾರೆ, ಎರಡೂ ಅಮೆರಿಕಾ ಇಲ್ಲ.

ದಕ್ಷಿಣ ಅಮೆರಿಕಾದಲ್ಲಿ ಸುತ್ತಮುತ್ತ ಸ್ಪ್ಯಾನಿಷ್, ಬ್ರೆಜಿಲ್‌ನಲ್ಲಿ ಮಾತ್ರ ಪೋರ್ಚುಗೀಸ್, ಯಾಕೆ ಅನ್ನೋದೂ ಒಳ್ಳೆ ವರ್ಕೌಟ್ ಪ್ರಶ್ನೆ. 1494ರ ತೊರ್ದೆಸಿಲಾಸ್ ಒಪ್ಪಂದದಲ್ಲಿ ಸ್ಪೇನ್, ಪೋರ್ಚುಗಲ್ ಎರಡೂ ಕೂತ್ಕೊಂಡು ಸಾಗರದ ಮೇಲೆ ಗೆರೆ ಎಳೆದು ಪಶ್ಚಿಮ ಸ್ಪೇನ್‌ಗೆ ಪೂರ್ವ ಪೋರ್ಚುಗಲ್‌ಗೆ ಅಂತ ಹಂಚ್ಕೊಂಡ್ರು, 1500ರಲ್ಲಿ ಭಾರತಕ್ಕೆ ಹೊರಟಿದ್ದ ಪೋರ್ಚುಗೀಸ್ ನಾವಿಕ ಕಬ್ರಾಲ್ ತೀರಾ ಪಶ್ಚಿಮಕ್ಕೆ ಸರಿದು ಬ್ರೆಜಿಲ್ ತೀರ ಮುಟ್ಟಿದ, ಅದು ಗೆರೆಯ ಪೂರ್ವಕ್ಕೆ ಬೀಳ್ತಿತ್ತು. ಇದರ ಫಂಡಾಗೆ ನಾನು ಬಾರ್ತೊಲೊಮೆಯು ದಿಯಾಸ್‌ನ ತರ್ತೀನಿ. 1488ರಲ್ಲಿ ಆಫ್ರಿಕಾದ ದಕ್ಷಿಣ ತುದೀನ ಬಳಸಿ ಹೋದೋನು ಅವನು, ವಾಸ್ಕೊ ಡ ಗಾಮ ಆಮೇಲೆ ಹೋಗಿದ್ದೂ ಆ ತುದಿ ಬಳಸ್ಕೊಂಡೇ. ಈ ಕಬ್ರಾಲ್ ಜೊತೆ ದಿಯಾಸ್ ಕೂಡ ಒಂದು ಹಡಗು ತಗೊಂಡು ಹೊರಟಿದ್ದ, ಬ್ರೆಜಿಲ್ ನೋಡ್ಕೊಂಡು ಮುಂದೆ ಹೋಗ್ತಾ ತಾನು ಹೆಸರು ಮಾಡಿದ ಅದೇ ಕೇಪ್ ಆಫ್ ಗುಡ್ ಹೋಪ್ ಹತ್ರ ಬಿರುಗಾಳಿಗೆ ಸಿಕ್ಕಿ ಮುಳುಗಿ ಹೋದ. ಪರೀಕ್ಷೆ ಗೈಡ್‌ಗಳಲ್ಲಿ ದಿಯಾಸ್ ಅಂದ್ರೆ ಒಂದು ಸಾಲು, ಅವನ ಸಾವಂತೂ ಇರೋದೇ ಇಲ್ಲ.

ಆದ್ರೆ ನಾನು ಎಲ್ಲೇ ಕೇಳಿದ್ರೂ ಸಭೆ ಪೂರ್ತಿ ಯೋಚ್ನೆಗೆ ಬೀಳೋ ಪ್ರಶ್ನೆ ಮೆಗಲನ್ ಹಡಗಿಂದು. 1519ರಲ್ಲಿ ಅವನ ನಾಯಕತ್ವದಲ್ಲಿ ಐದು ಹಡಗು, ಇನ್ನೂರಕ್ಕೂ ಜಾಸ್ತಿ ಜನ ಸ್ಪೇನ್‌ನಿಂದ ಹೊರಟ್ರು, ಪಶ್ಚಿಮಕ್ಕೇ ಹೋಗ್ತಾ ಹೋಗ್ತಾ 1522ರ ಸೆಪ್ಟೆಂಬರ್‌ಗೆ ವಿಕ್ಟೋರಿಯಾ ಅನ್ನೋ ಒಂದೇ ಹಡಗಲ್ಲಿ 18 ಜನ ವಾಪಸ್ ಬಂದ್ರು. ಅವರಲ್ಲಿ ಪಿಗಾಫೆತ್ತಾ ಅನ್ನೋನು ಒಂದಿನಾನೂ ಬಿಡದೇ ಡೈರಿ ಬರೀತಿದ್ದ. ವಾಪಸ್ ಬರ್ತಾ ಕೇಪ್ ವರ್ಡ್ ದ್ವೀಪದಲ್ಲಿ ಊಟದ ಸಾಮಾನಿಗೆ ಅಂತ ಇಳಿದು ಇವತ್ತು ಯಾವ ವಾರ ಅಂತ ಕೇಳಿದ್ರೆ ಅಲ್ಲಿಯ ಜನ ಗುರುವಾರ ಅಂದ್ರು, ಡೈರಿ ಪ್ರಕಾರ ಬುಧವಾರ. ಒಂದು ದಿನ ಎಲ್ಲಿ ಹೋಯ್ತು? ಪಿಗಾಫೆತ್ತಾನ ಲೆಕ್ಕ ಸರಿಯಾಗೇ ಇತ್ತು, ಸೂರ್ಯ ಹೋಗೋ ದಿಕ್ಕಲ್ಲೇ ಭೂಮಿ ಸುತ್ತಿ ಬಂದ್ರೆ ದಾರೀಲಿ ಒಂದು ಸೂರ್ಯೋದಯ ಕಡಿಮೆ ಸಿಗುತ್ತೆ ಅಷ್ಟೇ. ಇವತ್ತು ಪೆಸಿಫಿಕ್ ಮಧ್ಯೆ ದಿನಾಂಕ ರೇಖೆ ಇದೆಯಲ್ಲ, ಅದು ಯಾಕೆ ಬೇಕು ಅನ್ನೋದು ಈ ಡೈರಿ ಒಂದರಿಂದಲೇ ಅರ್ಥ ಆಗುತ್ತೆ. ಈ ಪ್ರಶ್ನೆಗೆ ಸಮಯ ಜಾಸ್ತಿ ಕೊಡ್ತೀನಿ, ಬಜರ್ ಇಟ್ಕೊಳ್ಳಲ್ಲ, ಪೇಪರ್ ಮೇಲೆ ಬರೆಸ್ತೀನಿ, ಯಾಕಂದ್ರೆ ಅವಸರಕ್ಕೆ ಬಿದ್ದು ಲೀಪ್ ಇಯರ್ ಅಂತ ಯಾರೋ ಕೂಗಿಬಿಡ್ತಾರೆ, ಪಕ್ಕದ ಟೀಮ್‌ನ ಯೋಚ್ನೇನೂ ಕೆಡುತ್ತೆ.

ಇದೇ ಯಾತ್ರೆ ಇನ್ನೊಂದು ಎಚ್ಚರಿಕೇನೂ ಕೊಡುತ್ತೆ. ಭೂಮಿ ಸುತ್ತಿದ ಮೊದಲ ವ್ಯಕ್ತಿ ಮೆಗಲನ್ ಅಂತ ಎಷ್ಟು ಕಡೆ ಅಚ್ಚಾಗಿದೆಯೋ ಲೆಕ್ಕ ಇಲ್ಲ, ಅವನು 1521ರ ಏಪ್ರಿಲ್ 27ಕ್ಕೆ ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದಲ್ಲಿ ಲಾಪುಲಾಪು ಅನ್ನೋ ಅಲ್ಲಿಯ ನಾಯಕನ ಜನರ ಕೈಯಲ್ಲಿ ಸತ್ತೋಗಿದ್ದ. ಹಡಗು ವಾಪಸ್ ತಂದಿದ್ದು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. ಸರಿ, ಎಲ್ಕಾನೊ ಅಂತ ಉತ್ತರ ಇಟ್ಕೊಳ್ಳೋಣ ಅಂದ್ರೆ ಎನ್ರೀಕೆ ಬರ್ತಾನೆ, ಮೆಗಲನ್ ಮಲಕ್ಕಾದಲ್ಲಿ ಕೊಂಡ್ಕೊಂಡಿದ್ದ ಗುಲಾಮ, ಅವನನ್ನ ಯೂರೋಪ್‌ಗೆ ಕರ್ಕೊಂಡೋಗಿ ಮತ್ತೆ ಪಶ್ಚಿಮದ ದಾರೀಲಿ ಏಷ್ಯಾಗೆ ತಂದಿದ್ದ, ಸೆಬು ದ್ವೀಪದಲ್ಲಿ ಅವನು ಹಡಗು ಬಿಟ್ಟ, ಅಲ್ಲಿಂದ ತನ್ನ ಊರಿಗೆ ಹೋಗಿದ್ರೆ ಮೊದಲು ಸುತ್ತಿದೋನು ಅವನೇ. ಹಾಗಾಗಿ "ಮೊದಲ" ಅಂತ ಶುರುವಾಗೋ ಪ್ರಶ್ನೇನ ನಾನು ಹತ್ತು ಸಲ ನೋಡ್ತೀನಿ, ಗೆರೆ ಬಿಗಿಯಾಗಿ ಎಳೀತೀನಿ. ಅಮೆರಿಕಾ ಮುಟ್ಟಿದ ಮೊದಲ ಯೂರೋಪಿಯನ್ ಅಂತ ಕೇಳಿ ಕೊಲಂಬಸ್ ಅಂತ ಉತ್ತರ ಇಟ್ರೆ ನ್ಯೂಫೌಂಡ್‌ಲ್ಯಾಂಡ್‌ನ ಲಾನ್ಸ್ ಓ ಮೆಡೋಸ್‌ನಲ್ಲಿ ಸಿಕ್ಕಿರೋ ವೈಕಿಂಗ್ ಮನೆಗಳನ್ನ ಯಾರಾದ್ರೂ ಎತ್ತೇ ಎತ್ತುತ್ತಾರೆ, ಅಲ್ಲಿಯ ಮರ ಕಡಿದಿದ್ದು 1021ರಲ್ಲಿ ಅಂತ ಮರದ ಉಂಗುರ ನೋಡಿ ಹೇಳಿದಾರೆ. ದಕ್ಷಿಣ ಧ್ರುವ ಅಂದ್ರೆ ತಂಟೆ ಇಲ್ಲ, ನಾರ್ವೆಯ ಅಮುಂಡ್ಸೆನ್, 1911ರ ಡಿಸೆಂಬರ್ 14, ಇಂಗ್ಲಿಷರ ಸ್ಕಾಟ್ ಬಂದಿದ್ದು 1912ರ ಜನವರಿ 17ಕ್ಕೆ. ಆದ್ರೂ ಅದನ್ನ ನೇರವಾಗಿ ಕೇಳಲ್ಲ: ಅಮುಂಡ್ಸೆನ್ ಹೊರಟಾಗ ತನ್ನ ಹುಡುಗರಿಗೆ ಹೇಳಿದ್ದು ಬೇರೇನೇ ಜಾಗ, ಅದ್ಯಾವುದು, ಪ್ಲಾನ್ ಯಾಕೆ ಬದ್ಲಾಯಿಸ್ದ ಅಂತ ಕೇಳ್ತೀನಿ. ಉತ್ತರ ಧ್ರುವಕ್ಕೆ ಅಂತ ಹೇಳಿದ್ದ, 1909ರಲ್ಲಿ ಅಲ್ಲಿಗೆ ಹೋಗಿಬಂದ್ವಿ ಅಂತ ಅಮೆರಿಕಾದೋರು ಹೇಳ್ಕೊಂಡ್ಮೇಲೆ ಅಲ್ಲಿ ಹೋಗಿ ಹೆಸರು ಬರೋದೇನಿದೆ ಅಂತ ದಕ್ಷಿಣಕ್ಕೆ ತಿರುಗಿಸ್ದ, ಹಡಗು ಮದೈರಾ ದ್ವೀಪ ತಲುಪೋ ತನಕ ಹೆಚ್ಚಿನ ಹುಡುಗರಿಗೇ ಹೇಳಿರಲಿಲ್ಲ.

ಎಲ್ಲರೂ ನಂಬಿರೋ ಸುಳ್ಳುಗಳದ್ದೇ ಒಂದು ರೌಂಡ್ ಇಡ್ತೀನಿ. ಇಲ್ಲಿ ಸರಿ ತಪ್ಪು ಅಂತ ಕೇಳೋದು ಸೋಂಬೇರಿ ಕೆಲ್ಸ ಅಂತ ನನ್ನ ಅಭಿಪ್ರಾಯ. ಸುಳ್ಳು ಅಂತ ನಾನೇ ಹೇಳಿ, ಯಾಕೆ ಸುಳ್ಳು ಅಂತ ಅವರ ಹತ್ರ ಬಿಡಿಸ್ತೀನಿ. ರೋಮ್ ಹೊತ್ತಿ ಉರಿಯೋವಾಗ ನೀರೋ ಪಿಟೀಲು ಬಾರಿಸ್ತಿದ್ದ ಅಂತಾರೆ, ಇದು ಸಾಧ್ಯಾನೇ ಇಲ್ಲ, ಯಾಕೆ? ಬೆಂಕಿ ಬಿದ್ದಿದ್ದು ಕ್ರಿ.ಶ. 64ರಲ್ಲಿ, ಪಿಟೀಲು ಹುಟ್ಟಿದ್ದು 16ನೇ ಶತಮಾನದಲ್ಲಿ, ಮೇಲಾಗಿ ಬೆಂಕಿ ಶುರುವಾದಾಗ ಅವನು ಆಂಟಿಯಂನಲ್ಲಿದ್ದ ಅಂತ ರೋಮ್‌ನ ಇತಿಹಾಸಕಾರ ಟ್ಯಾಸಿಟಸ್ ಬರೆದಿದಾನೆ. ಬ್ರೆಡ್ ಇಲ್ದಿದ್ರೆ ಕೇಕ್ ತಿನ್ಲಿ ಅಂದ ಮಾತನ್ನ ಫ್ರಾನ್ಸ್‌ನ ರಾಣಿ ಮೇರಿ ಆಂಟೊನೆಟ್ ತಲೆಗೆ ಕಟ್ಟಿದಾರೆ, ಲೇಖಕ ರೂಸೋ ತನ್ನ ಆತ್ಮಕಥೆಯಲ್ಲಿ ಆ ಮಾತನ್ನ ಹೆಸರಿಲ್ಲದ ಯಾವುದೋ ರಾಜಕುಮಾರಿ ಬಾಯಲ್ಲಿ ಬರೆದಾಗ ಈಕೆ ಇನ್ನೂ ಆಸ್ಟ್ರಿಯಾದಲ್ಲಿದ್ದ ಚಿಕ್ಕ ಹುಡುಗಿ, ಮದುವೆಯಾಗಿ ಫ್ರಾನ್ಸ್‌ಗೆ ಬಂದಿದ್ದು 1770ರಲ್ಲಿ. ನೆಪೋಲಿಯನ್ ಕುಳ್ಳ ಅನ್ನೋದಕ್ಕೆ ಎರಡು ಕಾರಣ, ಅವನ ಎತ್ತರ ಬರೆದಿದ್ದು ಫ್ರೆಂಚ್ ಅಡಿ ಇಂಚಲ್ಲಿ, ಅದು ಇಂಗ್ಲಿಷ್ ಅಡಿಗಿಂತ ಉದ್ದ, ಲೆಕ್ಕ ಹಾಕಿದ್ರೆ 168 ಸೆಂಟಿಮೀಟರ್ ಆಸುಪಾಸು, ಆ ಕಾಲದ ಫ್ರಾನ್ಸ್‌ಗೆ ಅದು ಕಡಿಮೆ ಏನಲ್ಲ. ಇನ್ನೊಂದು ಕಾರಣ ಗಿಲ್‌ರೇ ಅನ್ನೋ ಇಂಗ್ಲಿಷ್ ವ್ಯಂಗ್ಯಚಿತ್ರಕಾರ, ಅವನನ್ನ ಕುಳ್ಳನಾಗೇ ಬರೀತಿದ್ದ. ಕೊಲಂಬಸ್ ಭೂಮಿ ದುಂಡಗಿದೆ ಅಂತ ಸಾಧಿಸಿದ ಅನ್ನೋದು ನನಗೆ ಎಲ್ಲದಕ್ಕಿಂತ ಸಿಟ್ಟು ತರ್ಸೋ ಸುಳ್ಳು. ಗ್ರೀಕ್ ಪಂಡಿತ ಎರಾಟೊಸ್ತನೀಸ್ ಕ್ರಿ.ಪೂ. 3ನೇ ಶತಮಾನದಲ್ಲೇ ನೆರಳು ಅಳೆದು ಭೂಮಿ ಸುತ್ತಳತೆ ಹೇಳಿದ್ದ, ಓದಿದೋರಿಗೆಲ್ಲ ಗೊತ್ತಿತ್ತು. ಕೊಲಂಬಸ್‌ಗೆ ಬೇಡ ಅಂದ ಪಂಡಿತರು ಹೇಳಿದ್ದು ನಿನ್ನ ಲೆಕ್ಕದ ದೂರ ತೀರಾ ಕಡಿಮೆ ಅಂತ, ಅವರು ಹೇಳಿದ್ದೇ ಸರಿ, ಜಪಾನ್‌ಗೆ ಇರೋ ದೂರದ ಹೆಚ್ಚುಕಡಿಮೆ ಕಾಲು ಭಾಗ ಅಂತ ಅಂದ್ಕೊಂಡು ಹೊರಟಿದ್ದ ಅವನು, ಮಧ್ಯೆ ಒಂದು ಖಂಡ ಸಿಕ್ಕಿದ್ದಕ್ಕೆ ಬದುಕ್ದ.

ಕ್ಯಾಲೆಂಡರ್ ಬಗ್ಗೆ ಹುಷಾರಾಗಿರ್ಬೇಕು, ಇಲ್ಲಿ ತಕರಾರು ಜಾಸ್ತಿ. ರಷ್ಯಾದ ಅಕ್ಟೋಬರ್ ಕ್ರಾಂತಿ ಆಗಿದ್ದು ನಮ್ಮ ಈಗಿನ ಕ್ಯಾಲೆಂಡರ್‌ನಲ್ಲಿ 1917ರ ನವೆಂಬರ್ 7ಕ್ಕೆ, ಅವರ ಹಳೇ ಜೂಲಿಯನ್ ಲೆಕ್ಕದಲ್ಲಿ ಅಕ್ಟೋಬರ್ 25. ಮಾರನೇ ವರ್ಷ ಲೆನಿನ್ ಸರ್ಕಾರ ಅದನ್ನ ಸರಿಮಾಡಿದಾಗ 1918ರ ಜನವರಿ 31 ಆದ್ಮೇಲೆ ಸೀದಾ ಫೆಬ್ರವರಿ 14 ಬಂತು. ವಾಷಿಂಗ್ಟನ್ ಹುಟ್ಟಿದಾಗ ಬರೆದ ತಾರೀಖು 1731ರ ಫೆಬ್ರವರಿ 11, ಈಗ ಎಲ್ಲರೂ ಹೇಳೋದು 1732ರ ಫೆಬ್ರವರಿ 22, ದಿನಾನೂ ಬೇರೆ ವರ್ಷಾನೂ ಬೇರೆ. ಆಗ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ, ಅದೂ 11 ದಿನದ ವ್ಯತ್ಯಾಸಾನೂ ಎರಡೂ 1752ರಲ್ಲಿ ಸರಿಹೋಯ್ತು. ಹಾಗಾಗಿ ತಾರೀಖು ಕ್ಲೂ ಆಗಿ ಬರೋ ಪ್ರಶ್ನೆ ಪಕ್ಕ ಹಳೇ ಲೆಕ್ಕವೋ ಹೊಸ ಲೆಕ್ಕವೋ ಅಂತ ಪೆನ್ಸಿಲ್‌ನಲ್ಲಿ ಬರ್ಕೊಂಡಿರ್ತೀನಿ, ಯಾರಾದ್ರೂ ಎದ್ದು ನಿಂತ್ರೆ ಉತ್ತರ ಕೈಯಲ್ಲಿರುತ್ತೆ.

ತಾರೀಖನ್ನೇ ಕನೆಕ್ಟ್ ಮಾಡೋಕೆ ನನಗೆ ಸಿಕ್ಕಿರೋದ್ರಲ್ಲಿ ಬೆಸ್ಟ್ ನವೆಂಬರ್ 9. ಆಗಲೇ ಹೇಳಿದ ನೆಪೋಲಿಯನ್ ಕಥೆ ಬಿಟ್ಟು ಬರೀ ಜರ್ಮನಿ ನೋಡಿ: 1918ರಲ್ಲಿ ಚಕ್ರವರ್ತಿ ಕೈಸರ್ ಪದತ್ಯಾಗ ಅಂತ ಘೋಷಣೆ ಆಯ್ತು, 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್‌ನ ಮೊದಲ ದಂಗೆ ಮುರಿದುಬಿತ್ತು, 1938ರಲ್ಲಿ ಯಹೂದಿಗಳ ಮನೆ ಅಂಗಡಿ ಪ್ರಾರ್ಥನಾ ಮಂದಿರ ಒಡೆದು ಸುಟ್ರು, 1989ರಲ್ಲಿ ಬರ್ಲಿನ್ ಗೋಡೆ ತೆರೀತು. ನಾಲ್ಕು ಘಟನೆ ಹೇಳಿ ತಾರೀಖು ಕೇಳಿದ್ರೆ ಅದೂ ಇಸವಿ ಕೇಳಿದ ಹಾಗೇ ಆಗೋಗುತ್ತೆ, ಅದಕ್ಕೆ ನಾನು ಕೇಳೋದು ಗೋಡೆ ಬಿದ್ದಿದ್ದು ಆ ರಾತ್ರೀನೇ ಯಾಕೆ ಅಂತ. ಪೂರ್ವ ಜರ್ಮನಿಯ ಪಕ್ಷದ ವಕ್ತಾರ ಗುಂಟರ್ ಶಾಬೋವ್ಸ್ಕಿ ಪ್ರೆಸ್ ಮೀಟ್‌ನಲ್ಲಿ ಹೊಸ ಪ್ರಯಾಣ ನಿಯಮ ಇರೋ ಚೀಟಿ ಓದ್ದ, ಯಾವತ್ತಿಂದ ಜಾರಿ ಅಂತ ಪತ್ರಕರ್ತರು ಕೇಳಿದ್ರು, ಅದು ಮಾರನೇ ದಿನಕ್ಕೆ ಇದ್ದಿದ್ದು, ಅವನಿಗೆ ಅದರ ವಿವರ ಗೊತ್ತಿರಲಿಲ್ಲ, ನನಗೆ ತಿಳಿದ ಮಟ್ಟಿಗೆ ಈಗ್ಲಿಂದಾನೇ ಅಂದ್ಬಿಟ್ಟ, ಜನ ಟಿವಿ ನೋಡಿ ಗೇಟ್ ಹತ್ರ ಬಂದು ನಿಂತ್ರು, ಕಾವಲಿನೋರಿಗೆ ಮೇಲಿಂದ ಆದೇಶಾನೇ ಬಂದಿರಲಿಲ್ಲ, ಕೊನೆಗೆ ತೆಗೀಲೇಬೇಕಾಯ್ತು. ದೊಡ್ಡ ತಿರುವುಗಳಲ್ಲಿ ಇಂಥ ಸಣ್ಣ ಮನುಷ್ಯರ ಸಣ್ಣ ಕ್ಷಣಗಳು ಸಿಕ್ಕಿದ್ರೆ ನಾನು ಬಿಡಲ್ಲ. ಸಾರಾಯೆವೊ ಕೂಡ ಅಂಥದ್ದೇ, 1914ರ ಜೂನ್ 28, ಆಸ್ಟ್ರಿಯಾದ ಯುವರಾಜನ ಕಾರಿನ ಡ್ರೈವರ್ ತಪ್ಪು ತಿರುವು ತಗೊಂಡು ನಿಲ್ಲಿಸಿದ ಜಾಗದಲ್ಲೇ ಅವನನ್ನ ಗುಂಡಿಟ್ಟು ಕೊಂದ ಪ್ರಿನ್ಸಿಪ್ ಇದ್ದ, ಮೊದಲನೇ ಮಹಾಯುದ್ಧ ಶುರುವಾಗಿದ್ದು ಅದರಿಂದಲೇ, ಅವನು ಅಲ್ಲಿ ಸ್ಯಾಂಡ್‌ವಿಚ್ ತಿಂತಿದ್ದ ಅನ್ನೋ ಕಥೆ ಮಾತ್ರ ಆಮೇಲೆ ಸೇರ್ಕೊಂಡಿದ್ದು. ಯುವರಾಜನ್ನೇ ಕೊಂದ್ರೂ ಪ್ರಿನ್ಸಿಪ್‌ಗೆ ಗಲ್ಲು ಯಾಕಾಗ್ಲಿಲ್ಲ ಅಂತ ಕೇಳಿ ನೋಡಿ. ವಯಸ್ಸು 19, ಅಲ್ಲಿಯ ಕಾನೂನಲ್ಲಿ 20 ತುಂಬದೋರಿಗೆ ಮರಣದಂಡನೆ ಇಲ್ಲ, 1918ರಲ್ಲಿ ಜೈಲಲ್ಲೇ ಕ್ಷಯದಿಂದ ಸತ್ತ.

ಚೆಕ್ ಮಾಡೋ ವಿಷಯದಲ್ಲಿ ನಂದು ಒಂದೇ ಪ್ರಶ್ನೆ: ಇದನ್ನ ಬರೆದೋನು ಆಗ ಅಲ್ಲಿದ್ನಾ? ಅಲೆಕ್ಸಾಂಡರ್ ಬಗ್ಗೆ ನಾವು ಹೆಚ್ಚಾಗಿ ನೆಚ್ಚೋ ಗ್ರೀಕ್ ಇತಿಹಾಸಕಾರ ಆರಿಯನ್ ಬರೆದಿದ್ದು ಅಲೆಕ್ಸಾಂಡರ್ ಸತ್ತು ನಾನೂರು ವರ್ಷಕ್ಕೂ ಮೇಲೆ, ಆಗ ಇದ್ದೋರ ಪುಸ್ತಕ ಅವನ ಮುಂದಿತ್ತು ಸರಿ, ನಮ್ಮ ಮುಂದೆ ಇಲ್ಲ. ಹಾಗಾಗಿ ಅಲೆಕ್ಸಾಂಡರ್ ಸಾಯೋವಾಗ ಏನಂದ ಅನ್ನೋ ಟೈಪ್ ಪ್ರಶ್ನೆ ನನ್ನ ಹತ್ರ ಸಿಗಲ್ಲ, ಅವನ ಸೈನ್ಯ ಬಿಯಾಸ್ ನದಿ ಹತ್ರ ಇನ್ನು ಮುಂದೆ ಬರಲ್ಲ ಅಂತ ಹಠ ಹಿಡೀತು ಅನ್ನೋದು ಸಿಗುತ್ತೆ. ಹಳೇ ಯುದ್ಧಗಳ ಸೈನ್ಯದ ಸಂಖ್ಯೆಯಂತೂ ಮುಟ್ಟೋದೇ ಇಲ್ಲ, ಗ್ರೀಸ್ ಮೇಲೆ ದಂಡೆತ್ತಿ ಹೋದ ಪರ್ಷಿಯಾದ ರಾಜ ಕ್ಸೆರ್ಕ್ಸಿಸ್ ಹತ್ರ ಕಾಲಾಳುಗಳೇ 17 ಲಕ್ಷ ಇದ್ರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದಾನೆ, ಅಷ್ಟು ಜನಕ್ಕೆ ಕುಡಿಯೋಕೆ ನೀರು ಎಲ್ಲಿಂದ ತರ್ಬೇಕು ಹೇಳಿ.

ಓದೋವಾಗ ಕಿವಿಗೆ ಹೇಗೆ ಕೇಳ್ಸುತ್ತೆ ಅಂತಾನೂ ನೋಡ್ಕೋತೀನಿ. ಪೇಪರ್ ಮೇಲೆ ಚೆನ್ನಾಗಿರೋ ಪ್ರಶ್ನೆ ಮೈಕ್‌ನಲ್ಲಿ ಕಲಸುಮೇಲೋಗರ ಆಗುತ್ತೆ, ಅದಕ್ಕೆ ಜೋರಾಗಿ ಓದಿ ನೋಡಿ, ಕೇಳ್ಬೇಕಾಗಿರೋದು ಕೊನೇಲಿ ಬರೋ ಹಾಗೆ ತಿದ್ದಿ, ಒಪ್ಕೊಳ್ಳೋ ಬೇರೆ ಉತ್ತರಗಳನ್ನೂ ಪಕ್ಕದಲ್ಲಿ ಬರೆದಿಡ್ತೀನಿ. ಚೆಂಗೀಸ್ ಖಾನ್ ಅಂದ್ರೂ ಸರಿ ಅವನ ಹುಟ್ಟುಹೆಸರು ತೆಮೂಜಿನ್ ಅಂದ್ರೂ ಸರಿ. ಕ್ಲಿಯೋಪಾತ್ರಾ ಕಾಲ ಪಿರಮಿಡ್ ಕಟ್ಟಿದ ಕಾಲಕ್ಕಿಂತ ಮನುಷ್ಯ ಚಂದ್ರನ ಮೇಲೆ ಇಳಿದ ಕಾಲಕ್ಕೆ ಹತ್ತಿರ ಅನ್ನೋದನ್ನ ಈಗ ಬಿಟ್ಟಿದೀನಿ, ಒಳ್ಳೇ ಪ್ರಶ್ನೇನೇ, ಆದ್ರೆ ಎಲ್ಲರ ಮೊಬೈಲ್‌ಗೂ ಬಂದು ಹೋಗಿದೆ.

ಉಳಿದಿದ್ದು ಟೈ ಬ್ರೇಕರ್. ಸಂಖ್ಯೆ ಉತ್ತರವಾಗಿ ಬರೋಕೆ ನಾನು ಬಿಡೋದು ಇಲ್ಲಿ ಮಾತ್ರ, ಯಾರು ಹತ್ತಿರ ಹೇಳ್ತಾರೋ ಅವರು ಗೆದ್ರು. ಆದ್ರೆ ಆ ಸಂಖ್ಯೆ ಗಟ್ಟಿ ಇರ್ಬೇಕು. 1896ರ ಜಾಂಜಿಬಾರ್ ಯುದ್ಧ ಎಷ್ಟು ನಿಮಿಷ ನಡೀತು ಅಂತ ಕೇಳೋಕೆ ಆಸೆ ಆಗುತ್ತೆ, ಒಂದು ಕಡೆ 38 ಅಂತಿದೆ, ಇನ್ನೊಂದು ಕಡೆ 45, ಫೈನಲ್ ಗೆದ್ದೋರು ಸೋತೋರು ತೀರ್ಮಾನ ಆಗೋ ಜಾಗದಲ್ಲಿ ಅದು ಬೇಡ. ನಾನು ಇಟ್ಕೊಂಡಿರೋದು ಜೂಲಿಯಸ್ ಸೀಸರ್‌ದು: ಋತುಗಳಿಗೂ ರೋಮ್‌ನ ಕ್ಯಾಲೆಂಡರ್‌ಗೂ ತಾಳಮೇಳ ತಪ್ಪಿ ಹೋಗಿತ್ತು, ಹೊಸ ಕ್ಯಾಲೆಂಡರ್ ಶುರು ಮಾಡೋಕೆ ಮುಂಚೆ ಎಲ್ಲ ಬಾಕೀನೂ ಒಂದೇ ವರ್ಷದಲ್ಲಿ ತೀರಿಸಿಬಿಡೋಣ ಅಂತ ಕ್ರಿ.ಪೂ. 46ಕ್ಕೆ ಹೆಚ್ಚುವರಿ ತಿಂಗಳುಗಳನ್ನ ತುಂಬಿಸ್ದ, ಆ ಒಂದು ವರ್ಷದಲ್ಲಿ ಒಟ್ಟು ಎಷ್ಟು ದಿನ? 445. ಇಲ್ಲಿ ಕಥೆ ಪೂರ್ತಿ ಪ್ರಶ್ನೆ ಒಳಗೇ ಹೇಳಿ ಮುಗಿಸ್ತೀನಿ, ಯಾಕಂದ್ರೆ ಉತ್ತರ ಹೇಳಿದ ತಕ್ಷಣ ಎರಡೂ ಟೀಮ್ ಯಾರು ಹತ್ತಿರ ಅಂತ ಲೆಕ್ಕ ಹಾಕೋಕೆ ಶುರು ಮಾಡ್ತಾರೆ, ಆಮೇಲೆ ಫಂಡಾ ಹೇಳಿದ್ರೆ ಯಾರೂ ಕೇಳಲ್ಲ.